ಬರೆದವರು ಒಳಗೆ, ಬರೆಸಿದವರು ಹೊರಗೆ?

ಕಳೆದ ಸೆಮಿಸ್ಟರ್‌ನಲ್ಲಿ ನಾನು ಬರೆದ ಕೋಡ್‌ನ ಒಂದೇ ಒಂದು ಸಾಲು ನನ್ನ 15 ಅಂಕ ನುಂಗಿತು. ಅಂಕ ಹೋದದ್ದಕ್ಕೆ ಬೇಜಾರಾಗಲಿಲ್ಲ ಎಂದರೆ ಸುಳ್ಳಾದೀತು. ಆದರೆ ಅಂಕಕ್ಕಿಂತ ಹೆಚ್ಚಾಗಿ, ಅದು ಹೋದ ರೀತಿ ಇವತ್ತಿಗೂ ಕಾಡುತ್ತಿದೆ.

ನಮ್ಮದು ನಾಲ್ವರ ಮಿನಿ ಪ್ರಾಜೆಕ್ಟ್. ಗಾಳಿಯಲ್ಲಿ ಹೊಗೆ ಎಷ್ಟಿದೆ ಎಂದು ಅಳೆದು ಪುಟ್ಟ ಪರದೆಯ ಮೇಲೆ ತೋರಿಸುವ ಸಾಧನ. ರಿವ್ಯೂ ಹಿಂದಿನ ರಾತ್ರಿ ಸೆನ್ಸರ್ ಕೈಕೊಟ್ಟಿತು. ಒಮ್ಮೆ 90 ತೋರಿಸಿದರೆ ಮರುಕ್ಷಣ 600. ಹೊಸದು ತರಲು ಅಂಗಡಿಗಳು ಮುಚ್ಚಿದ್ದವು. ‘ನಾಳೆ ಒಂದು ದಿನಕ್ಕೆ ನಂಬರ್ ಫಿಕ್ಸ್ ಮಾಡಿಬಿಡು, 110 ಅಂತ ತೋರಿಸ್ಲಿ. ಯಾರು ಚೆಕ್ ಮಾಡ್ತಾರೆ?’ ಎಂದ ನಮ್ಮ ಟೀಮ್ ಲೀಡರ್. ಉಳಿದಿಬ್ಬರು ಹೂಂ ಎಂದರು. ಕೋಡ್ ಬರೆಯುವುದು ನನ್ನ ಪಾಲಿನ ಕೆಲಸ. ಬರೆದೆ.

ಮರುದಿನ ಎಕ್ಸಾಮಿನರ್ ಚೆಕ್ ಮಾಡಿದರು. ಬೆಂಕಿಪೊಟ್ಟಣ ತರಿಸಿ, ಕಡ್ಡಿ ಗೀರಿ ಆರಿಸಿ, ಅದರ ಹೊಗೆಯನ್ನು ಸೆನ್ಸರ್ ಮುಂದೆ ಹಿಡಿದರು. ಪರದೆ 110 ಎಂದೇ ಹೇಳುತ್ತಿತ್ತು. ಇನ್ನೊಂದು ಕಡ್ಡಿ ಗೀರಿದರು. ಆಗಲೂ 110. ‘ಕೋಡ್ ಬರೆದದ್ದು ಯಾರು?’ ಎಂದು ಕೇಳಿದರು. ಮೂವರೂ ನನ್ನ ಮುಖ ನೋಡಿದರು. ನನ್ನ ಅಂಕಕ್ಕೆ ಕತ್ತರಿ ಬಿತ್ತು. ಉಳಿದ ಮೂವರಿಗೆ ಏನೂ ಆಗಲಿಲ್ಲ.

ಬರೆದದ್ದು ನಾನೇ ಆದ್ದರಿಂದ ಅನ್ಯಾಯವಾಯಿತು ಎಂದು ಕೂಗಾಡಲು ಬಾಯಿ ಬರಲಿಲ್ಲ. ನ್ಯಾಯವಾಯಿತು ಎಂದು ಒಪ್ಪಿಕೊಳ್ಳಲು ಮನಸ್ಸೂ ಬರಲಿಲ್ಲ. ಸಂಜೆ ನಮ್ಮ ಗೈಡ್ ಕರೆದು, ‘ನೀನು ಒಂದು ಬೋರ್ಡ್‌ನಲ್ಲಿ ಮಾಡಿದ್ದನ್ನ ಒಂದು ಕಂಪನಿ 1.1 ಕೋಟಿ ಕಾರುಗಳಲ್ಲಿ ಮಾಡಿತ್ತು. ಫೋಕ್ಸ್‌ವ್ಯಾಗನ್ ಹಗರಣ ಓದು. ಜೈಲಿಗೆ ಹೋದವರು ಯಾರು ಅಂತಲೂ ನೋಡು’ ಎಂದರು. ಓದಿದೆ. ಈ ಬರಹ ಅದರ ಫಲ.

ಪರೀಕ್ಷೆಯ ಹೊತ್ತಿಗೆ ಮಾತ್ರ ಸಾಧು

ಡೀಸೆಲ್ ಎಂಜಿನ್ನಿನ ಹೊಗೆಯಲ್ಲಿ ನೈಟ್ರೋಜನ್ ಆಕ್ಸೈಡ್‌ಗಳಿರುತ್ತವೆ. ಶ್ವಾಸಕೋಶಕ್ಕೆ ಕೆಟ್ಟವು. ಅಮೆರಿಕದಲ್ಲಿ ಇವುಗಳ ಮಿತಿ ಬಹಳ ಬಿಗಿ. ಆ ಮಿತಿಯೊಳಗೆ, ಕೊಟ್ಟ ಖರ್ಚಿನಲ್ಲಿ, ಕೊಟ್ಟ ಸಮಯದಲ್ಲಿ ಎಂಜಿನ್ ಮಾಡಲು ಜರ್ಮನಿಯ ಫೋಕ್ಸ್‌ವ್ಯಾಗನ್ ಕಂಪನಿಗೆ ಆಗಲಿಲ್ಲ. ಆಗ ಹುಡುಕಿಕೊಂಡ ದಾರಿ ಒಂದು ಸಾಫ್ಟ್‌ವೇರ್.

ಪ್ರಯೋಗಾಲಯದಲ್ಲಿ ಕಾರನ್ನು ಉರುಳೆಗಳ ಮೇಲೆ ನಿಲ್ಲಿಸಿ ಹೊಗೆ ಪರೀಕ್ಷೆ ಮಾಡುತ್ತಾರೆ. ಚಕ್ರ ತಿರುಗುತ್ತದೆ, ಸ್ಟಿಯರಿಂಗ್ ಅಲುಗಾಡುವುದಿಲ್ಲ. ವೇಗವೂ ನಿಯಮದಲ್ಲಿರುವಂತೆಯೇ ಏರಿಳಿಯುತ್ತದೆ. ಇಂಥ ಗುರುತುಗಳಿಂದ ‘ಇದು ಪರೀಕ್ಷೆ’ ಎಂದು ಸಾಫ್ಟ್‌ವೇರ್ ಕಂಡುಹಿಡಿದು ಹೊಗೆ ನಿಯಂತ್ರಣವನ್ನು ಪೂರ್ತಿ ಚಾಲೂ ಮಾಡುತ್ತಿತ್ತು. ಕಾರು ರಸ್ತೆಗಿಳಿದರೆ ನಿಯಂತ್ರಣ ಸಡಿಲವಾಗುತ್ತಿತ್ತು. ಆಗ ನೈಟ್ರೋಜನ್ ಆಕ್ಸೈಡ್ ಮಿತಿಗಿಂತ 40 ಪಟ್ಟಿನವರೆಗೂ ಹೋಗುತ್ತಿತ್ತು.

ಇದನ್ನು ಬಯಲಿಗೆಳೆಯಲು ನೆರವಾದದ್ದು ಅಮೆರಿಕದ ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದ ಒಂದು ಸಣ್ಣ ತಂಡ. ಹೊಗೆ ಅಳೆಯುವ ಉಪಕರಣಗಳನ್ನು ಕಾರಿನಲ್ಲೇ ಹೊತ್ತುಕೊಂಡು 2013ರಲ್ಲಿ ಕ್ಯಾಲಿಫೋರ್ನಿಯಾದ ರಸ್ತೆಗಳಲ್ಲಿ ಓಡಾಡಿದರು. ಪ್ರಯೋಗಾಲಯದಲ್ಲಿ ಪಾಸಾಗುತ್ತಿದ್ದ ಕಾರು ರಸ್ತೆಯಲ್ಲಿ ಫೇಲಾಗುತ್ತಿತ್ತು. ಆ ತಂಡದ ವಿದ್ಯಾರ್ಥಿಗಳಲ್ಲಿ ಒಬ್ಬರು ನಮ್ಮ ಬೆಂಗಳೂರಿನವರು ಎಂದು ಓದಿದಾಗ ಖುಷಿಯಾಯಿತು. ನಮ್ಮ ಎಕ್ಸಾಮಿನರ್ ಗೀರಿದ ಬೆಂಕಿಕಡ್ಡಿಯೂ ನೆನಪಾಯಿತು. 2015ರ ಸೆಪ್ಟೆಂಬರ್ 18ರಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಕಂಪನಿಗೆ ನೋಟಿಸ್ ಕೊಟ್ಟಿತು. ಆಮೇಲೆ ಎಲ್ಲವೂ ಹೊರಬಂತು.

‘ಒಂದಿಬ್ಬರು ಎಂಜಿನಿಯರ್‌ಗಳ ಕೆಲಸ’

ಮುಂದಿನ ತಿಂಗಳೇ ಕಂಪನಿಯ ಅಮೆರಿಕ ವಿಭಾಗದ ಮುಖ್ಯಸ್ಥ ಮೈಕಲ್ ಹಾರ್ನ್ ಅಲ್ಲಿನ ಸಂಸತ್ತಿನ ಸಮಿತಿ ಮುಂದೆ ಕುಳಿತರು. ಇದು ಕಂಪನಿಯ ತೀರ್ಮಾನವಲ್ಲ, ತನಗೆ ತಿಳಿದ ಮಟ್ಟಿಗೆ ಒಂದಿಬ್ಬರು ಸಾಫ್ಟ್‌ವೇರ್ ಎಂಜಿನಿಯರ್‌ಗಳು ಯಾವುದೋ ಕಾರಣಕ್ಕೆ ಮಾಡಿದ್ದು ಎಂಬರ್ಥದ ಮಾತು ಹೇಳಿದರು. ಓದುತ್ತಿದ್ದಂತೆ ಮೂರು ಜೊತೆ ಕಣ್ಣು ಮತ್ತೆ ನನ್ನ ಕಡೆ ತಿರುಗಿದ ಹಾಗಾಯಿತು.

ಆದರೆ 2017ರಲ್ಲಿ ಅಮೆರಿಕದ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡಾಗ ಕಂಪನಿಯೇ ಒಪ್ಪಿದ ಸಂಗತಿಗಳು ಬೇರೆಯದೇ ಕಥೆ ಹೇಳುತ್ತವೆ. 2006ರಲ್ಲೇ ಕೆಲವು ಉದ್ಯೋಗಿಗಳು ಇದು ಸರಿಯಲ್ಲ ಎಂದು ಆಕ್ಷೇಪ ಎತ್ತಿದ್ದರು. ಮೇಲಧಿಕಾರಿಯೊಬ್ಬರು ಕೆಲಸ ಮುಂದುವರಿಸಲು ತೀರ್ಮಾನಿಸಿ, ಸಿಕ್ಕಿಹಾಕಿಕೊಳ್ಳಬೇಡಿ ಎಂಬ ಅರ್ಥದ ಸೂಚನೆಯನ್ನೂ ಕೊಟ್ಟಿದ್ದರು. ಅಂದರೆ ಕೆಳಗಿನವರು ಬಾಯಿ ಬಿಟ್ಟಿರಲಿಲ್ಲ ಎಂದಲ್ಲ. ಬಿಟ್ಟ ಬಾಯನ್ನು ಮುಚ್ಚಿಸಲಾಗಿತ್ತು.

ಈಗ ಶಿಕ್ಷೆಯ ಪಟ್ಟಿ ನೋಡಿ. ಜೇಮ್ಸ್ ಲಿಯಾಂಗ್ ಎಂಬ ಎಂಜಿನಿಯರ್ 1983ರಿಂದ ಆ ಕಂಪನಿಯಲ್ಲಿ ದುಡಿದವರು. ತಪ್ಪೊಪ್ಪಿಕೊಂಡು ತನಿಖೆಗೂ ಸಹಕರಿಸಿದರು. ಸರ್ಕಾರಿ ವಕೀಲರು ಕೇಳಿದ್ದು 3 ವರ್ಷ ಜೈಲು, 20 ಸಾವಿರ ಡಾಲರ್ ದಂಡ. 2017ರ ಆಗಸ್ಟ್‌ನಲ್ಲಿ ನ್ಯಾಯಾಧೀಶರು ಕೊಟ್ಟದ್ದು 40 ತಿಂಗಳು ಜೈಲು, 2 ಲಕ್ಷ ಡಾಲರ್ ದಂಡ. ಅದೇ ಡಿಸೆಂಬರ್‌ನಲ್ಲಿ ಆಲಿವರ್ ಸ್ಮಿಟ್ ಎಂಬ ಮಧ್ಯಮ ಹಂತದ ವ್ಯವಸ್ಥಾಪಕರಿಗೆ 7 ವರ್ಷ. ನನ್ನದೇ ಕಂಪನಿ ನನ್ನನ್ನು ಬಳಸಿಕೊಂಡಿತು ಎಂದು ಅವರು ನ್ಯಾಯಾಧೀಶರಿಗೆ ಪತ್ರ ಬರೆದಿದ್ದರು.

ಇನ್ನು ತುತ್ತತುದಿ. 2007ರಿಂದ 2015ರವರೆಗೆ ಇಡೀ ಸಂಸ್ಥೆಯ ಮುಖ್ಯಸ್ಥರಾಗಿದ್ದ ಮಾರ್ಟಿನ್ ವಿಂಟರ್‌ಕಾರ್ನ್ ಹಗರಣ ಹೊರಬಿದ್ದ ವಾರದಲ್ಲೇ ರಾಜೀನಾಮೆ ಕೊಟ್ಟರು. 2018ರಲ್ಲಿ ಅಮೆರಿಕ ಅವರ ಮೇಲೆ ಆರೋಪ ಹೊರಿಸಿತು. ಆದರೆ ಜರ್ಮನಿಯ ಸಂವಿಧಾನದ ಪ್ರಕಾರ ಐರೋಪ್ಯ ಒಕ್ಕೂಟದ ಹೊರಗಿನ ದೇಶಕ್ಕೆ ತನ್ನ ಪ್ರಜೆಯನ್ನು ಹಸ್ತಾಂತರಿಸುವಂತಿಲ್ಲ. ಜರ್ಮನಿಯಲ್ಲಿ 2019ರಲ್ಲಿ ದೋಷಾರೋಪ ಸಲ್ಲಿಕೆಯಾಯಿತು. ವಿಚಾರಣೆ ಶುರುವಾದದ್ದು 2024ರಲ್ಲಿ, ಅದೂ ಅನಾರೋಗ್ಯದ ಕಾರಣಕ್ಕೆ ಬೇಗನೆ ನಿಂತಿತು. ಆರೋಪಗಳನ್ನು ಅವರು ಅಲ್ಲಗಳೆದಿದ್ದಾರೆ. 2021ರಲ್ಲಿ ಕಂಪನಿಯೊಂದಿಗೆ ರಾಜಿಯಾಗಿ 1.12 ಕೋಟಿ ಯೂರೊ ಕೊಡಲು ಒಪ್ಪಿದರು. 2014ರ ಒಂದೇ ವರ್ಷದಲ್ಲಿ ಅವರ ಸಂಭಾವನೆ ಸುಮಾರು 1.6 ಕೋಟಿ ಯೂರೊ ಇತ್ತು.

ಅದೇ ಸಮೂಹದ ಆಡಿ ಕಂಪನಿಯ ಮುಖ್ಯಸ್ಥರಾಗಿದ್ದ ರೂಪರ್ಟ್ ಸ್ಟಾಡ್ಲರ್ 2023ರಲ್ಲಿ ತಪ್ಪೊಪ್ಪಿಕೊಂಡರು. ಅವರಿಗೆ 1 ವರ್ಷ 9 ತಿಂಗಳ ಶಿಕ್ಷೆಯೇನೋ ಆಯಿತು, ಆದರೆ ಅಮಾನತಿನಲ್ಲಿಟ್ಟ ಶಿಕ್ಷೆ. ದಂಡ ಕಟ್ಟಿದರು, ಆ ಶಿಕ್ಷೆಗಾಗಿ ಜೈಲಿಗೆ ಹೋಗಬೇಕಾಗಲಿಲ್ಲ. 2025ರ ಮೇ ತಿಂಗಳಲ್ಲಿ ಜರ್ಮನಿಯ ನ್ಯಾಯಾಲಯ ಕಂಪನಿಯ ನಾಲ್ವರು ಮಾಜಿ ಅಧಿಕಾರಿಗಳನ್ನು ತಪ್ಪಿತಸ್ಥರೆಂದು ಹೇಳಿ, ಅವರಲ್ಲಿ ಇಬ್ಬರಿಗೆ ಜೈಲು ಶಿಕ್ಷೆ ವಿಧಿಸಿತು. ಅಷ್ಟು ಹೊತ್ತಿಗೆ ಹಗರಣ ಬಯಲಾಗಿ ಹತ್ತು ವರ್ಷವಾಗುತ್ತ ಬಂದಿತ್ತು.

ಟಾರ್ಗೆಟ್ ಮೇಲಿನಿಂದ, ಸಹಿ ಕೆಳಗಿನಿಂದ

ಇದು ಎಂಜಿನಿಯರ್‌ಗಳ ಕಷ್ಟ ಮಾತ್ರ ಅಂದುಕೊಳ್ಳಬೇಡಿ. ಬ್ಯಾಂಕ್ ಪರೀಕ್ಷೆಗೆ ಓದುತ್ತಿರುವವರು ಅಮೆರಿಕದ ವೆಲ್ಸ್ ಫಾರ್ಗೊ ಬ್ಯಾಂಕ್‌ನ ಕಥೆಯನ್ನೂ ತಿಳಿದಿರಬೇಕು. ಅಲ್ಲಿ ಒಬ್ಬ ಗ್ರಾಹಕರಿಗೆ ಎಂಟು ಬಗೆಯ ಖಾತೆ, ಕಾರ್ಡ್‌ಗಳನ್ನು ಮಾರಬೇಕೆಂಬುದು ಮೇಲಿನವರ ಆಸೆ. ದಿನದ ಟಾರ್ಗೆಟ್ ಮುಟ್ಟದಿದ್ದರೆ ಕೆಲಸಕ್ಕೇ ಕುತ್ತು. ಶಾಖೆಯ ನೌಕರರು ಗ್ರಾಹಕರಿಗೆ ಗೊತ್ತಿಲ್ಲದಂತೆ ಅವರ ಹೆಸರಿನಲ್ಲಿ ಖಾತೆ ತೆರೆದರು. 2016ರಲ್ಲಿ ಸುದ್ದಿ ಹೊರಬಂದಾಗ ಬ್ಯಾಂಕಿಗೆ 18.5 ಕೋಟಿ ಡಾಲರ್ ದಂಡ ಬಿತ್ತು. ಅಷ್ಟರಲ್ಲಾಗಲೇ ಐದು ವರ್ಷಗಳಲ್ಲಿ ಸುಮಾರು 5,300 ನೌಕರರನ್ನು ಬ್ಯಾಂಕ್ ಮನೆಗೆ ಕಳಿಸಿತ್ತು.

ಐದು ಸಾವಿರ ಜನ ಒಬ್ಬರಿಗೊಬ್ಬರು ಪರಿಚಯವಿಲ್ಲದೆ, ಬೇರೆ ಬೇರೆ ಊರುಗಳಲ್ಲಿ, ಒಂದೇ ರೀತಿಯ ತಪ್ಪು ಮಾಡಿದರೆ ತಪ್ಪಿನ ಬೇರು ಎಲ್ಲಿದೆ ಎಂದು ಹುಡುಕಲು ದೊಡ್ಡ ತನಿಖೆ ಬೇಕೆ? ಮುಖ್ಯಸ್ಥ ಜಾನ್ ಸ್ಟಂಫ್ ಕುರ್ಚಿ ಬಿಟ್ಟರು, ಕೊಟ್ಟಿದ್ದ ಷೇರುಗಳಲ್ಲಿ ದೊಡ್ಡ ಪಾಲನ್ನು ಬ್ಯಾಂಕ್ ವಾಪಸ್ ಪಡೆಯಿತು. 2020ರಲ್ಲಿ ಅವರಿಗೆ 1.75 ಕೋಟಿ ಡಾಲರ್ ದಂಡ ಮತ್ತು ಬ್ಯಾಂಕಿಂಗ್ ಕ್ಷೇತ್ರದಿಂದ ಜೀವಮಾನದ ನಿಷೇಧ. ಆ ವಿಭಾಗವನ್ನು ನಡೆಸಿದ್ದ ಕ್ಯಾರಿ ಟೋಲ್‌ಸ್ಟೆಡ್ ಅವರಿಗೆ 2023ರಲ್ಲಿ ಸಿಕ್ಕಿದ್ದು ಮೂರು ವರ್ಷದ ಪ್ರೊಬೇಷನ್. ಇಬ್ಬರಲ್ಲಿ ಯಾರೂ ಜೈಲು ಕಾಣಲಿಲ್ಲ.

ಇದನ್ನು ಓದುವಾಗ ನಮ್ಮ ಚಿಕ್ಕಮ್ಮನ ಮಗಳು, ನನ್ನ ಅಕ್ಕ, ನೆನಪಾದಳು. ಬಿಕಾಂ ಮುಗಿಸಿ ತಾಲ್ಲೂಕು ಕೇಂದ್ರದ ಒಂದು ಖಾಸಗಿ ಫೈನಾನ್ಸ್ ಕಂಪನಿಯಲ್ಲಿ ಕೆಲಸಕ್ಕೆ ಸೇರಿದ್ದಳು. ಸಾಲ ತೆಗೆದುಕೊಂಡ ಪ್ರತಿಯೊಬ್ಬರಿಗೂ ಒಂದು ವಿಮೆ ಅಂಟಿಸಬೇಕು ಎಂದು ಮ್ಯಾನೇಜರ್ ದಿನಾ ಫೋನ್ ಮಾಡುತ್ತಿದ್ದರು. ‘ಹೇಗಾದ್ರೂ ಮಾಡಿ, ಸಂಜೆಯೊಳಗೆ ನಂಬರ್ ಬೇಕು.’ ಹೇಗಾದರೂ ಎಂದರೆ ಹೇಗೆ ಎಂದು ಯಾರೂ ಬಿಡಿಸಿ ಹೇಳುತ್ತಿರಲಿಲ್ಲ. ಸಾಲಕ್ಕೆ ಬಂದ ರೈತರಿಂದ ಏನು ಎತ್ತ ಎಂದು ತಿಳಿಸದೆ ಇವಳು ವಿಮೆ ಫಾರಂಗೂ ಸಹಿ ಹಾಕಿಸಿಕೊಂಡಳು. ಒಬ್ಬರು ದೂರು ಕೊಟ್ಟರು. ಫಾರಂ ಕೆಳಗೆ ಇದ್ದದ್ದು ಅಕ್ಕನ ಸಹಿ. ‘ನೀವೇ ಹೇಳಿದ್ದಲ್ವಾ ಸರ್’ ಎಂದು ಇವಳು ಕೇಳಿದ್ದಕ್ಕೆ ಅವರು ಕೊಟ್ಟ ಉತ್ತರ: ‘ನಾನು ಬರೆದು ಕೊಟ್ಟಿದ್ದೀನೇನಮ್ಮಾ?’

ಅಕ್ಕ ರಾಜೀನಾಮೆ ಬರೆದುಕೊಟ್ಟು ಬಂದಳು. ಮ್ಯಾನೇಜರ್‌ಗೆ ಬೇರೆ ಶಾಖೆಗೆ ವರ್ಗವಾಯಿತು.

ಕಾನೂನು ಮೇಲಕ್ಕೆ ಹತ್ತುವುದೇಕೆ ಕಷ್ಟ?

‘ದೊಡ್ಡವರಿಗೊಂದು ನ್ಯಾಯ, ಚಿಕ್ಕವರಿಗೊಂದು ನ್ಯಾಯ’ ಎಂದು ಬೈದು ಸುಮ್ಮನಾಗುವುದು ಸುಲಭ. ಆದರೆ ಸ್ವಲ್ಪ ಒಳಗಿಳಿದು ನೋಡಿದರೆ ಕಾರಣ ಆ ಮ್ಯಾನೇಜರ್ ಮಾತಿನಲ್ಲೇ ಇದೆ. ಕೆಳಗಿನವರ ಕೆಲಸ ಗುರುತು ಬಿಡುತ್ತದೆ. ಸಹಿ, ಲಾಗಿನ್, ಕೋಡ್ ಫೈಲ್‌ನಲ್ಲಿ ಹೆಸರು, ತಾರೀಕು. ಮೇಲಿನವರ ಕೆಲಸ ಮಾತಿನಲ್ಲೇ ನಡೆದುಹೋಗುತ್ತದೆ. ‘ನಂಬರ್ ಬೇಕು’ ಎನ್ನುವುದು ಅಪರಾಧವಲ್ಲ. ಆ ನಂಬರ್ ಮೋಸವಿಲ್ಲದೆ ಬರುವುದಿಲ್ಲ ಎಂದು ಅವರಿಗೆ ಗೊತ್ತಿತ್ತು ಎಂದು ಸಾಬೀತು ಮಾಡಿದರೆ ಮಾತ್ರ ಅಪರಾಧ. ಗೊತ್ತಿತ್ತು ಎಂಬುದಕ್ಕೆ ಪುರಾವೆ ಬೇಕು. ಈ ನಿಯಮ ಕೆಟ್ಟದ್ದೇನಲ್ಲ. ನಾಳೆ ನನ್ನ ಮೇಲೆ ಯಾರೋ ಸುಳ್ಳು ಆರೋಪ ಹೊರಿಸಿದರೆ ನನ್ನನ್ನು ಕಾಯುವುದೂ ಇದೇ ನಿಯಮ.

ತನಿಖೆ ಮಾಡುವವರು ಕೆಳಗಿನವರಿಂದ ಶುರು ಮಾಡುವುದಕ್ಕೂ ಕಾರಣವಿದೆ. ಚಿಕ್ಕವರು ಬಾಯಿಬಿಟ್ಟರೆ ದೊಡ್ಡವರ ಹೆಸರು ಸಿಗುತ್ತದೆ, ಮೆಟ್ಟಿಲು ಹತ್ತಿದ ಹಾಗೆ. ಮೊದಲ ಮೆಟ್ಟಿಲಿಗೆ ಕಾಲಿಡುವುದು ತಪ್ಪಲ್ಲ. ಅಲ್ಲೇ ಕುಳಿತುಬಿಟ್ಟರೆ ತಪ್ಪು.

ತುದಿಯವರೆಗೆ ಹತ್ತಿದ ಉದಾಹರಣೆ ನಮ್ಮ ದೇಶದಲ್ಲೇ ಇದೆ. ಹೈದರಾಬಾದಿನ ಸತ್ಯಂ ಕಂಪ್ಯೂಟರ್ಸ್ ಅಧ್ಯಕ್ಷ ರಾಮಲಿಂಗ ರಾಜು 2009ರ ಜನವರಿ 7ರಂದು ತಾವೇ ಪತ್ರ ಬರೆದು, ಲೆಕ್ಕದಲ್ಲಿ ಸಾವಿರಾರು ಕೋಟಿ ರೂಪಾಯಿ ಸುಳ್ಳು ಎಂದು ಒಪ್ಪಿಕೊಂಡರು. 2015ರ ಏಪ್ರಿಲ್ 9ರಂದು ವಿಶೇಷ ನ್ಯಾಯಾಲಯ ರಾಜು ಸೇರಿ ಹತ್ತು ಮಂದಿಗೆ 7 ವರ್ಷ ಜೈಲು ವಿಧಿಸಿತು. ಮುಂದಿನ ತಿಂಗಳು ಮೇಲಿನ ನ್ಯಾಯಾಲಯ ಶಿಕ್ಷೆಯನ್ನು ಅಮಾನತಿನಲ್ಲಿಟ್ಟು ಜಾಮೀನು ಕೊಟ್ಟಿತು. ತಲೆಯವರೆಗೂ ಕಾನೂನು ಹೋಗಬಲ್ಲದು ಎಂದು ಈ ಪ್ರಕರಣ ತೋರಿಸಿತು. ಆದರೆ ನನ್ನನ್ನು ನಿಲ್ಲಿಸಿದ್ದು ಇನ್ನೊಂದು ವಿಷಯ. ಆ ಹತ್ತು ಮಂದಿಯಲ್ಲಿ ಅಧ್ಯಕ್ಷರೂ ಇದ್ದರು, ಹಣಕಾಸು ವಿಭಾಗದ ನೌಕರರೂ ಇದ್ದರು. ದಂಡದ ಮೊತ್ತ ಬೇರೆ ಬೇರೆಯಾದರೂ ಜೈಲಿನ ವರ್ಷ ಎಲ್ಲರಿಗೂ ಒಂದೇ. ದೊಡ್ಡವರನ್ನು ಬಿಡುವುದು ಅನ್ಯಾಯವಾದರೆ, ಮಾಲೀಕರನ್ನೂ ನೌಕರರನ್ನೂ ಒಂದೇ ಅಳತೆಗೋಲಿನಲ್ಲಿ ಅಳೆಯುವುದು ಪೂರ್ತಿ ನ್ಯಾಯವೇ?

ನನ್ನ ಅಳತೆಗೋಲು

ಯೋಚಿಸುತ್ತಾ ಹೋದಂತೆ ನನಗೆ ಮೂರು ಪ್ರಶ್ನೆ ಮುಖ್ಯ ಅನ್ನಿಸಿತು. ಇದನ್ನು ನಿಲ್ಲಿಸುವ ಅಧಿಕಾರ ಯಾರಿಗಿತ್ತು? ‘ಆಗಲ್ಲ’ ಎಂದಿದ್ದರೆ ಯಾರು ಎಷ್ಟು ಕಳೆದುಕೊಳ್ಳುತ್ತಿದ್ದರು? ಮೋಸದಿಂದ ಯಾರಿಗೆ ಎಷ್ಟು ಸಿಕ್ಕಿತು?

ಅಕ್ಕನಿಗೆ ನಿಲ್ಲಿಸುವ ಅಧಿಕಾರವಿರಲಿಲ್ಲ. ಆಗಲ್ಲ ಎಂದಿದ್ದರೆ ಮನೆಯ ಬಾಡಿಗೆ ಕಟ್ಟುವ ಸಂಬಳ ಹೋಗುತ್ತಿತ್ತು. ಸಿಕ್ಕಿದ್ದು ಹೆಚ್ಚೆಂದರೆ ತಿಂಗಳ ಕೊನೆಗೆ ಬೈಗುಳವಿಲ್ಲದ ಒಂದು ಮೀಟಿಂಗ್. ಅವಳದ್ದು ತಪ್ಪೇ, ರೈತರ ದುಡ್ಡು ಹೋಯಿತು. ಆದರೆ ಅವಳ ಮ್ಯಾನೇಜರ್ ತಪ್ಪು ಅದಕ್ಕಿಂತ ದೊಡ್ಡದು, ಆ ಟಾರ್ಗೆಟ್ ಇಟ್ಟವರದ್ದು ಇನ್ನೂ ದೊಡ್ಡದು.

ಲಿಯಾಂಗ್ ಪಾಪದವರೇನಲ್ಲ. ಅನುಭವಿ ಎಂಜಿನಿಯರ್, ಮೋಸ ಎಂದು ಗೊತ್ತಿದ್ದೂ ವರ್ಷಗಟ್ಟಲೆ ಅದರ ಭಾಗವಾಗಿದ್ದರು. ‘ಮೇಲಿನವರು ಹೇಳಿದರು, ಮಾಡಿದೆ’ ಎಂಬ ಉತ್ತರಕ್ಕೆ ನ್ಯಾಯಾಲಯ ಮಣೆ ಹಾಕಿದರೆ ಮುಂದೆ ಯಾರೂ ಯಾವುದಕ್ಕೂ ಹೊಣೆಯಾಗುವುದಿಲ್ಲ. ಅವರಿಗೆ ಶಿಕ್ಷೆಯಾದದ್ದು ಸರಿ. ಅವರಿಗಿಂತ ಹೆಚ್ಚು ಅಧಿಕಾರ, ಹೆಚ್ಚು ಲಾಭ ಇದ್ದವರಿಗೆ ಶಿಕ್ಷೆ ಕಡಿಮೆಯಾದದ್ದು, ತಡವಾದದ್ದು ಸರಿಯಲ್ಲ.

ಇನ್ನು ನಾನು. ಆ ರಾತ್ರಿ ‘ಆಗಲ್ಲ ಕಣೋ’ ಎಂದಿದ್ದರೆ ನಾನು ಕಳೆದುಕೊಳ್ಳುತ್ತಿದ್ದದ್ದು ಏನು? ಗೆಳೆಯರೊಂದಿಗೆ ಅರ್ಧ ಗಂಟೆ ಜಗಳ. ಸಂಬಳವಿಲ್ಲ, ಬಾಡಿಗೆಯಿಲ್ಲ, ಕೆಲಸ ಹೋಗುವ ಭಯವಿಲ್ಲ. ಹೀಗೆ ನೋಡಿದರೆ ನನ್ನ 15 ಅಂಕ ಹೋದದ್ದು ನ್ಯಾಯವೇ. ಆಮೇಲೊಂದು ದಿನ ಟೀಮ್ ಲೀಡರ್‌ನನ್ನು ಕೇಳಿದೆ, ‘ಐಡಿಯಾ ನಿಂದು ಅಂತ ಯಾಕೆ ಹೇಳಲಿಲ್ಲ?’ ‘ನೀನೂ ಬೇಡ ಅನ್ಲಿಲ್ವಲ್ಲ’ ಎಂದ. ಇಬ್ಬರ ಮಾತೂ ನಿಜ. ನನ್ನ ಮೌನ ಅವನ ತಪ್ಪನ್ನು ಅಳಿಸುವುದಿಲ್ಲ, ಅವನ ಆದೇಶ ನನ್ನ ತಪ್ಪನ್ನು ಅಳಿಸುವುದಿಲ್ಲ.

ಮೇಲಿನವರೂ ಸಹಿ ಹಾಕಲಿ

ಹಾಗಾದರೆ ಮಾಡಬೇಕಾದ್ದೇನು? ಮೇಲಿನವರ ಗುರುತು ಕಾಗದದಲ್ಲಿ ಉಳಿಯುವಂತೆ ಮಾಡುವುದು. ಅಮೆರಿಕದಲ್ಲಿ ಎನ್ರಾನ್ ಕಂಪನಿ ಮುಳುಗಿದ ಮೇಲೆ 2002ರಲ್ಲಿ ಸರ್ಬೇನ್ಸ್-ಆಕ್ಸ್‌ಲಿ ಕಾಯ್ದೆ ಬಂತು. ಅದರ ಪ್ರಕಾರ ಕಂಪನಿಯ ಲೆಕ್ಕಪತ್ರ ಸರಿಯಿದೆ ಎಂದು ಸಿಇಒ ಮತ್ತು ಹಣಕಾಸು ಮುಖ್ಯಸ್ಥರು ಖುದ್ದಾಗಿ ಸಹಿ ಹಾಕಬೇಕು. ಸುಳ್ಳೆಂದು ಗೊತ್ತಿದ್ದೂ ಹಾಕಿದರೆ ಜೈಲು. ‘ನನಗೆ ಗೊತ್ತಿರಲಿಲ್ಲ’ ಎನ್ನುವುದು ಆಗ ಅಷ್ಟು ಸಲೀಸಲ್ಲ. ಲೆಕ್ಕಪತ್ರಕ್ಕೆ ಇರುವ ಈ ನಿಯಮ ಹೊಗೆ ಪರೀಕ್ಷೆಗೆ, ಔಷಧದ ಗುಣಮಟ್ಟಕ್ಕೆ, ಮಾರಾಟದ ಟಾರ್ಗೆಟ್‌ಗೆ ಯಾಕೆ ಇರಬಾರದು?

ನಮ್ಮಲ್ಲೂ ಕಾನೂನು ಇಲ್ಲದಿಲ್ಲ. 2013ರ ಕಂಪನಿ ಕಾಯ್ದೆಯ 447ನೇ ಸೆಕ್ಷನ್ ವಂಚನೆಗೆ 10 ವರ್ಷದವರೆಗೆ ಜೈಲು ಎನ್ನುತ್ತದೆ. ಅದೇ ಕಾಯ್ದೆಯ 177ನೇ ಸೆಕ್ಷನ್ ಪ್ರಕಾರ ಷೇರುಪೇಟೆಯಲ್ಲಿರುವ ಕಂಪನಿಗಳಲ್ಲಿ ನೌಕರರು ಅಕ್ರಮದ ಬಗ್ಗೆ ದೂರು ಕೊಡುವ ವ್ಯವಸ್ಥೆ ಇರಲೇಬೇಕು, ದೂರು ಕೊಟ್ಟವರಿಗೆ ಕಿರುಕುಳವಾಗದಂತೆ ರಕ್ಷಣೆಯೂ ಇರಬೇಕು. ಕೆಲಸಕ್ಕೆ ಸೇರುವ ನಮ್ಮಲ್ಲಿ ಎಷ್ಟು ಜನ ಇದನ್ನು ಕೇಳಿ ತಿಳಿದುಕೊಳ್ಳುತ್ತೇವೆ?

ಅಕ್ಕ ಈಗ ಬೇರೆ ಕಡೆ ಕೆಲಸದಲ್ಲಿದ್ದಾಳೆ. ಒಂದು ಅಭ್ಯಾಸ ಮಾಡಿಕೊಂಡಿದ್ದಾಳೆ. ಮೇಲಿನವರು ಫೋನಿನಲ್ಲಿ ಏನಾದರೂ ವಿಚಿತ್ರವಾದ ಸೂಚನೆ ಕೊಟ್ಟರೆ, ಐದೇ ನಿಮಿಷಕ್ಕೆ ‘ಸರ್, ಈಗ ತಾವು ಹೇಳಿದಂತೆ ಹೀಗೆ ಮಾಡಬೇಕಲ್ಲವೇ?’ ಎಂದು ವಿನಯವಾಗಿ ಒಂದು ಮೇಲ್ ಕಳಿಸುತ್ತಾಳೆ. ಹೆಚ್ಚಿನ ಸಲ ಉತ್ತರ ಬರುವುದಿಲ್ಲವಂತೆ, ಆ ಸೂಚನೆಯೂ ಅಲ್ಲಿಗೇ ನಿಂತುಹೋಗುತ್ತದಂತೆ. ನಮ್ಮ ಪಠ್ಯದಲ್ಲಿರುವ ವೃತ್ತಿ ನೀತಿಯ ಅಧ್ಯಾಯಕ್ಕಿಂತ ಇದು ನನಗೆ ಹೆಚ್ಚು ಕಲಿಸಿತು.

ಮುಂದಿನ ವರ್ಷ ನಮ್ಮ ಕಾಲೇಜಿಗೆ ಕಂಪನಿಗಳು ಬರುತ್ತವೆ. ಇಂಟರ್‌ವ್ಯೂ ಕೊನೆಯಲ್ಲಿ ‘ನಿಮ್ಮದೇನಾದರೂ ಪ್ರಶ್ನೆ ಇದೆಯೇ?’ ಎಂದು ಕೇಳುತ್ತಾರಂತೆ. ‘ಇಲ್ಲಿ ನನ್ನ ಮೇಲಧಿಕಾರಿ ಮಾಡಬಾರದ್ದನ್ನು ಮಾಡು ಎಂದರೆ ನಾನು ಯಾರ ಹತ್ತಿರ ಹೋಗಬೇಕು?’ ಎಂದು ಕೇಳಬೇಕೆಂದಿದ್ದೇನೆ. ಕೆಲಸ ಬೇಕಾಗಿರುವ ಹುಡುಗನಿಗೆ ಆ ಹೊತ್ತಿಗೆ ಅಷ್ಟು ಧೈರ್ಯ ಬರುತ್ತದೋ ಇಲ್ಲವೋ, ಈಗಲೇ ಹೇಳಲಾರೆ. ಬಾರದಿದ್ದರೂ ಒಂದಂತೂ ಖಂಡಿತ. ‘ಒಂದು ದಿನಕ್ಕೆ ಮಾತ್ರ, ಯಾರು ಚೆಕ್ ಮಾಡ್ತಾರೆ’ ಎಂದು ಯಾರಾದರೂ ಹೇಳಿದರೆ, ಕೀಬೋರ್ಡ್ ಮೇಲೆ ಕೈಯಿಡುವ ಮೊದಲು ‘ಬರೆದು ಕೊಡಿ’ ಎನ್ನುತ್ತೇನೆ.